ಯಾರು ಕಾಯಬೇಕು?

2025ರ ಮೇ 22ರಂದು ಒಂದೇ ನಿಮಿಷದಲ್ಲಿ 31,814 ರೈಲು ಟಿಕೆಟ್‌ಗಳು ಬುಕ್ ಆದವು. ಭಾರತೀಯ ರೈಲ್ವೆಯ ಮಟ್ಟಿಗೆ ಅದು ಅಲ್ಲಿಯವರೆಗಿನ ದಾಖಲೆ. ಸೆಕೆಂಡಿಗೆ ಸರಾಸರಿ 530 ಟಿಕೆಟ್ ಆಯಿತು. ಒಂದೊಂದು ಟಿಕೆಟ್ಟಿನ ಹಿಂದೆಯೂ ಸಾಲು ಸಾಲು ಕೆಲಸಗಳಿವೆ. ಆ ರೈಲಿನಲ್ಲಿ ಆ ದಿನಕ್ಕೆ ಬರ್ತ್ ಇದೆಯೇ ನೋಡಬೇಕು, ಯಾವ ಕೋಟಾದಿಂದ ಕೊಡುವುದೆಂದು ತೀರ್ಮಾನಿಸಬೇಕು, ದರ ಲೆಕ್ಕ ಹಾಕಬೇಕು, ಅಷ್ಟರಲ್ಲಿ ಅದೇ ಬರ್ತ್ ಇನ್ನೊಬ್ಬರ ಪಾಲಾಗದಂತೆ ಹಿಡಿದಿಡಬೇಕು, ಕೊನೆಗೆ ಪಿಎನ್‌ಆರ್ ಕೊಡಬೇಕು. ಟಿಕೆಟ್ ಕೊಳ್ಳದೆ ಬರೀ ವಿಚಾರಿಸಿ ಹೋಗುವವರ ಸಂಖ್ಯೆ ಇದರ ಎಷ್ಟೋ ಪಟ್ಟು. ಅವರಿಗೂ ಉತ್ತರ ಸಿಗಬೇಕು.

ಇದನ್ನೆಲ್ಲ ಹೊತ್ತಿದ್ದು ಹೊಚ್ಚಹೊಸ ಯಂತ್ರವೇನಲ್ಲ. ರೈಲ್ವೆಯ ಪ್ರಯಾಣಿಕರ ರಿಸರ್ವೇಶನ್ ವ್ಯವಸ್ಥೆಯ, ಅಂದರೆ ಪಿಆರ್‌ಎಸ್‌ನ, ಆಗಿನ ರೂಪ ಜಾರಿಗೆ ಬಂದದ್ದು 2010ರಲ್ಲಿ. ಓಡುತ್ತಿದ್ದುದು ಇಟಾನಿಯಂ ಸರ್ವರ್‌ಗಳ ಮೇಲೆ, ಓಪನ್‌ವಿಎಂಎಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ. ಓಪನ್‌ವಿಎಂಎಸ್‌ನ ಮೂಲ 1977ರಷ್ಟು ಹಿಂದಿನದು. ಇಟಾನಿಯಂ ಚಿಪ್ ಕಳಿಸುವುದನ್ನು ಇಂಟೆಲ್ 2021ರಲ್ಲೇ ನಿಲ್ಲಿಸಿತು. ಮನೆಯಲ್ಲಿ ನಾಲ್ಕು ವರ್ಷದ ಫೋನನ್ನೇ ಹಳತೆಂದು ಬದಲಿಸುತ್ತೇವೆ. ಇಲ್ಲಿ ಇಷ್ಟು ಹಳೆಯ ಸಾಮಾನು ಅಷ್ಟು ಭಾರ ಎಳೆದದ್ದು ಹೇಗೆ?

ಹಂಚಿಕೆ ಸರಿಯಾಗಿದ್ದರೆ ಯಂತ್ರ ಸಾಕಾಗುತ್ತದೆ. ಹಲವರು ಸೇರಿ ಬಳಸುವ ಗಣಕದಲ್ಲಿ ಯಾವ ಕ್ಷಣ ನೋಡಿದರೂ ಕೆಲವು ಕೆಲಸಗಳು ಓಡುತ್ತಿರುತ್ತವೆ, ಉಳಿದವು ಕಾಯುತ್ತಿರುತ್ತವೆ. ಗಣಕವನ್ನು ಟ್ಯೂನ್ ಮಾಡುವುದೆಂದರೆ ಯಾರು, ಎಲ್ಲಿ, ಎಷ್ಟು ಹೊತ್ತು ಕಾಯಬೇಕು ಎಂದು ಗೊತ್ತುಮಾಡುವುದು. ಕಾಯುವಿಕೆಯನ್ನು ಇಲ್ಲವಾಗಿಸುವ ಗುಂಡಿ ಯಾವ ಗಣಕದಲ್ಲೂ ಇಲ್ಲ.

ಒಳಗೆ ಹೋದ ಸರದಿ

ಗಣಕ ಬರುವ ಮೊದಲು ರಿಸರ್ವೇಶನ್ ನಡೆಯುತ್ತಿದ್ದುದು ದಪ್ಪ ರಿಜಿಸ್ಟರುಗಳಲ್ಲಿ. ಯಾವ ರೈಲಿನ ಪುಸ್ತಕ ಯಾವ ಗುಮಾಸ್ತರ ಬಳಿ ಇದೆಯೋ ಆ ಕಿಟಕಿಯ ಮುಂದೆಯೇ ನಿಲ್ಲಬೇಕಿತ್ತು. 1985ರ ನವೆಂಬರ್ 15ರಂದು ನವದೆಹಲಿಯಲ್ಲಿ ಇಂಪ್ರೆಸ್ ಎಂಬ ಗಣಕ ವ್ಯವಸ್ಥೆ ಪ್ರಾಯೋಗಿಕವಾಗಿ ಶುರುವಾಯಿತು. ತಂತ್ರಾಂಶ ಬರೆದದ್ದು ಸರ್ಕಾರಿ ಕಂಪನಿಯಾಗಿದ್ದ ಸಿಎಂಸಿ. ಯಂತ್ರಗಳು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ವ್ಯಾಕ್ಸ್ ಗಣಕಗಳು. ಅಲ್ಲಿಂದಾಚೆಗೆ ಯಾವ ಕೌಂಟರಿನಲ್ಲಿ ನಿಂತರೂ ಯಾವ ರೈಲಿನ ಟಿಕೆಟ್ ಬೇಕಾದರೂ ಸಿಗತೊಡಗಿತು.

1986ರಲ್ಲಿ ರೈಲ್ವೆ ತನ್ನದೇ ಸಂಸ್ಥೆ ಕಟ್ಟಿಕೊಂಡಿತು. ಚಾಣಕ್ಯಪುರಿಯಲ್ಲಿರುವ ಕ್ರಿಸ್, ಅಂದರೆ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರ. ದೆಹಲಿ, ಮುಂಬಯಿ, ಕೋಲ್ಕತ್ತಾ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಪಿಆರ್‌ಎಸ್ ಕೇಂದ್ರಗಳು 1999ರ ಹೊತ್ತಿಗೆ ಕಾನ್ಸರ್ಟ್ ಎಂಬ ತಂತ್ರಾಂಶದಲ್ಲಿ ಒಂದಾದವು. ಒಂದೊಂದು ಕೇಂದ್ರವೂ ತನ್ನ ಪಾಲಿನ ರೈಲುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಬೇರೆ ಕೇಂದ್ರದ ರೈಲಿಗೆ ಬೇಡಿಕೆ ಬಂದರೆ ಅತ್ತ ಸಾಗಹಾಕುತ್ತದೆ. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿಯ ಮೂಲಕ ಇಂಟರ್‌ನೆಟ್ ಟಿಕೆಟ್ ಬಂತು.

ಈ ಹೆಜ್ಜೆಗಳಲ್ಲಿ ಒಂದೊಂದೂ ಕಿಟಕಿಯ ಮುಂದಿನ ಸಾಲನ್ನು ಮೊಟಕು ಮಾಡಿತು. ಆದರೆ ಸಾಲಿನಲ್ಲಿದ್ದವರು ಎಲ್ಲಿಗೂ ಹೋಗಲಿಲ್ಲ. ಸರೋಜಿನಿ ನಗರದ ಕೌಂಟರಿನ ಗುಮಾಸ್ತರು, ನೋಯ್ಡಾದ ಬಾಡಿಗೆ ಮನೆಯಲ್ಲಿ ಫೋನ್ ಹಿಡಿದ ಎಂಜಿನಿಯರ್, ಕಲಬುರಗಿಯಿಂದ ವಾಪಸು ಬರಬೇಕಾದ ತಂದೆತಾಯಿಗೆ ಟಿಕೆಟ್ ಹುಡುಕುತ್ತಿರುವ ಮಗಳು, ಎಲ್ಲರೂ ಈಗ ಗಣಕದ ಒಳಗಿನ ಸರದಿಯಲ್ಲಿ ನಿಲ್ಲುತ್ತಾರೆ. ಆ ಸರದಿ ಕಣ್ಣಿಗೆ ಕಾಣುವುದಿಲ್ಲ, ಪರದೆಯ ಮೇಲೆ ತಿರುಗುವ ಚಕ್ರವಾಗಿ ಮಾತ್ರ ಅನುಭವಕ್ಕೆ ಬರುತ್ತದೆ.

ಸೊನ್ನೆಯಿಂದ ಮೂವತ್ತೊಂದು

ಮೊದಲ ಸರದಿ ಪ್ರೊಸೆಸರಿನ ಮುಂದೆ. ಒಂದು ಪ್ರೊಸೆಸರ್ ಒಂದು ಹೊತ್ತಿನಲ್ಲಿ ಒಂದು ಕೆಲಸ ಮಾಡುತ್ತದೆ. ನೂರು ಜನಕ್ಕೆ ಏಕಕಾಲಕ್ಕೆ ಸೇವೆ ಸಿಗುತ್ತಿದೆ ಅನ್ನಿಸಬೇಕಾದರೆ ಅದರ ಸಮಯವನ್ನು ಚೂರುಚೂರು ಮಾಡಿ ಹಂಚಬೇಕು. ಎಂಐಟಿಯ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಇಂಥ ಹಂಚಿಕೆಯ ವ್ಯವಸ್ಥೆಯನ್ನು ನಡೆಸಿ ತೋರಿಸಿದರು. ಮರುವರ್ಷ ಅವರು ಪ್ರಕಟಿಸಿದ ಉಪಾಯ ಸರಳ: ಬೇಗ ಮುಗಿಯುವ ಕೆಲಸ ಮೇಲಿನ ಸರದಿಯಲ್ಲಿರಲಿ, ಕೊಟ್ಟ ಚೂರಿನಲ್ಲಿ ಮುಗಿಸದೆ ಇನ್ನೂ ಬೇಕು ಅನ್ನುವುದು ಒಂದೊಂದೇ ಮೆಟ್ಟಿಲು ಕೆಳಗಿಳಿಯಲಿ. ಕೆಲಸ ಉದ್ದವೋ ಗಿಡ್ಡವೋ ಎಂದು ಮೊದಲೇ ಯಾರೂ ಹೇಳಬೇಕಿಲ್ಲ, ಅದರ ನಡತೆಯೇ ಹೇಳುತ್ತದೆ.

ವ್ಯಾಕ್ಸ್ ಜೊತೆ ಬಂದ ವಿಎಂಎಸ್, ಮುಂದೆ ಓಪನ್‌ವಿಎಂಎಸ್ ಆದದ್ದು, ಇದೇ ಜಾಡಿನದು. ವ್ಯಾಕ್ಸಿನಲ್ಲಿ ಅದರ ಆದ್ಯತೆಗೆ 0ರಿಂದ 31ರವರೆಗೆ ಅಂಕಿ, ಹೆಚ್ಚಿದ್ದಷ್ಟೂ ಮೇಲು. 16ರಿಂದ ಮೇಲಿನವು ತಡೆಯಲಾಗದ ತುರ್ತಿನ ಕೆಲಸಗಳಿಗೆ. 15ರವರೆಗಿನವು ನಮ್ಮ ನಿಮ್ಮ ಮಾಮೂಲಿ ಕೆಲಸಗಳಿಗೆ. ಸಾಮಾನ್ಯ ಬಳಕೆದಾರನಿಗೆ ಸಿಗುವ ಮೂಲ ಆದ್ಯತೆ 4. ಒಂದು ಚೂರಿನ ರೂಢಿಯ ಅಳತೆ 200 ಮಿಲಿಸೆಕೆಂಡ್.

ಸೊಗಸಿರುವುದು ಮುಂದೆ. ಡಿಸ್ಕಿನಿಂದ ಮಾಹಿತಿ ಬರಲೆಂದು ಅಥವಾ ಕೀಲಿಮಣೆಯಲ್ಲಿ ಯಾರಾದರೂ ಒತ್ತಲೆಂದು ಕಾಯುತ್ತಿದ್ದ ಕೆಲಸಕ್ಕೆ ಕಾದದ್ದು ಸಿಕ್ಕಿತು ಅನ್ನಿ, ಆಗ ಅದರ ಆದ್ಯತೆ ತಾತ್ಕಾಲಿಕವಾಗಿ ಏರುತ್ತದೆ. ಮನುಷ್ಯ ಎದುರಿಗೆ ಕುಳಿತಿರುವ ಟರ್ಮಿನಲ್ಲಿನ ಕೆಲಸಕ್ಕೆ ಡಿಸ್ಕಿನ ಕೆಲಸಕ್ಕಿಂತ ಹೆಚ್ಚಿನ ಏರಿಕೆ. ಆಮೇಲೆ ಓಡುವ ಸರದಿ ಸಿಕ್ಕಾಗಲೆಲ್ಲ ಒಂದೊಂದೇ ಕಡಿಮೆಯಾಗುತ್ತ ಮತ್ತೆ 4ಕ್ಕೆ ಬಂದು ನಿಲ್ಲುತ್ತದೆ. ಪ್ರೊಸೆಸರನ್ನೇ ಹಿಡಿದು ಕೂತ ಲೆಕ್ಕಾಚಾರದ ಕೆಲಸಕ್ಕೆ ಈ ಏರಿಕೆ ಸಿಗುವುದಿಲ್ಲ. ಹೀಗಾಗಿ ಕೌಂಟರಿನ ಚಿಕ್ಕ ಬೇಡಿಕೆ ದೊಡ್ಡ ವರದಿಯ ನಡುವೆ ನುಸುಳಿ, ಮುಗಿಸಿ, ಹೊರಬೀಳುತ್ತದೆ. ವರದಿಗೆ ಅದರಿಂದ ಆಗುವ ನಷ್ಟ ಕೆಲವೇ ಮಿಲಿಸೆಕೆಂಡ್.

ಇಂಥ ಗಣಕದ ಮುಂದೆ ಕೂತ ಸಿಸ್ಟಂ ಮ್ಯಾನೇಜರ್ ‘ಶೋ ಸಿಸ್ಟಂ’ ಎಂದು ಆದೇಶ ಕೊಟ್ಟರೆ ಪರದೆಯ ಮೇಲೆ ಕೆಲಸಗಳ ಪಟ್ಟಿ ಇಳಿಯುತ್ತದೆ. ಪ್ರತಿ ಸಾಲಿನಲ್ಲೂ ಕೆಲಸದ ಹೆಸರು, ಅದರ ಸ್ಥಿತಿ, ಆ ಕ್ಷಣದ ಆದ್ಯತೆ, ಇದುವರೆಗೆ ಬಳಸಿದ ಪ್ರೊಸೆಸರ್ ಸಮಯ, ಪೇಜ್ ಫಾಲ್ಟುಗಳ ಎಣಿಕೆ, ಹಿಡಿದಿರುವ ಮೆಮೊರಿ. ಸ್ಥಿತಿಯ ಅಂಕಣದಲ್ಲಿ ಚಿಕ್ಕ ಚಿಕ್ಕ ಸಂಕೇತಗಳು. ಸಿಯುಆರ್ ಎಂದಿದ್ದರೆ ಅದು ಈಗ ಓಡುತ್ತಿದೆ. ಸಿಒಎಂ ಎಂದಿದ್ದರೆ ಓಡಲು ತಯಾರಿದೆ, ಪ್ರೊಸೆಸರ್ ಸಿಕ್ಕಿಲ್ಲ. ಎಲ್‌ಇಎಫ್ ಅಂದರೆ ಡಿಸ್ಕಿನದೋ ಮನುಷ್ಯನದೋ ಉತ್ತರಕ್ಕೆ ಕಾಯುತ್ತಿದೆ. ಎಚ್‌ಐಬಿ ಅಂದರೆ ಸದ್ಯಕ್ಕೆ ಕೆಲಸವಿಲ್ಲದೆ ಮಲಗಿದೆ. ಪಿಎಫ್‌ಡಬ್ಲ್ಯೂ ಅಂದರೆ ಮೆಮೊರಿಯ ಒಂದು ಪೇಜ್ ಬರಲೆಂದು ನಿಂತಿದೆ.

ಪಳಗಿದ ಕಣ್ಣು ಈ ಅಂಕಣವನ್ನು ಮೇಲಿಂದ ಕೆಳಗೆ ಒಮ್ಮೆ ಸವರುತ್ತದೆ. ಬಹುಪಾಲು ಎಲ್‌ಇಎಫ್ ಇದ್ದರೆ ಗಣಕ ಆರಾಮಾಗಿದೆ. ಸಿಒಎಂಗಳೇ ತುಂಬಿದ್ದರೆ ಪ್ರೊಸೆಸರಿನ ಮುಂದೆ ಸಾಲು ಬೆಳೆದಿದೆ. ಪಿಎಫ್‌ಡಬ್ಲ್ಯೂಗಳು ಮತ್ತೆ ಮತ್ತೆ ಕಂಡರೆ ತೊಂದರೆ ಮೆಮೊರಿಯದು. ಅಲ್ಲಿ ಆದ್ಯತೆ ತಿದ್ದಿ ಪ್ರಯೋಜನವಿಲ್ಲ. ‘ಗಣಕ ನಿಧಾನ’ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ರೋಗಗಳಿರುತ್ತವೆ, ಮದ್ದು ಕೊಡುವ ಮೊದಲು ಕಾಯುವಿಕೆ ಎಲ್ಲಿದೆಯೆಂದು ನೋಡಬೇಕು.

ಆದ್ಯತೆಯ ಅಂಕಿ ತಿದ್ದುವುದರಲ್ಲಿ ಕಚೇರಿಗಳಿಗೆಲ್ಲ ಗೊತ್ತಿರುವ ಚಟವೊಂದಿದೆ. ಲೆಕ್ಕಪತ್ರ ವಿಭಾಗ ತನ್ನ ವರದಿ ತುರ್ತೆಂದು 6 ಮಾಡಿಸಿಕೊಳ್ಳುತ್ತದೆ. ಮರುವಾರ ಗೋದಾಮಿನವರು 7 ಕೇಳುತ್ತಾರೆ. ತಿಂಗಳು ಕಳೆಯುವುದರೊಳಗೆ ಎಲ್ಲರೂ 7ರಲ್ಲಿದ್ದಾರೆ, ಅಂದರೆ ಎಲ್ಲರೂ 4ರಲ್ಲಿದ್ದಂತೆಯೇ. ಒಬ್ಬರನ್ನು ಮೇಲೆತ್ತಿದಾಗ ಉಳಿದವರೆಲ್ಲ ಕೆಳಗಾಗುತ್ತಾರೆ, ಬೇರೆ ಏನೂ ಆಗುವುದಿಲ್ಲ. ಅದಕ್ಕೇ ಅನುಭವಿಗಳು ತಿರುಗಿ ಮಾಡುತ್ತಾರೆ: ಯಾರನ್ನೂ ಏರಿಸುವುದಿಲ್ಲ, ಕಾಯಬಲ್ಲ ಬ್ಯಾಚ್ ಕೆಲಸಗಳನ್ನು 3ಕ್ಕೋ 2ಕ್ಕೋ ಇಳಿಸುತ್ತಾರೆ. ಐಬಿಎಂ 1988ರಲ್ಲಿ ವ್ಯಾಪಾರ, ಬ್ಯಾಂಕು, ಕಾರ್ಖಾನೆಗಳ ಲೆಕ್ಕ ನಡೆಸಲೆಂದೇ ತಂದ ಎಎಸ್/400 ಗಣಕದಲ್ಲಿ ಅಂಕಿ ತಿರುವುಮುರುವು, ಚಿಕ್ಕದೇ ಮೇಲು. ಪರದೆಯ ಮುಂದೆ ಕೂತವರಿಗೆ ರೂಢಿಯಂತೆ 20, ಬ್ಯಾಚಿಗೆ 50. ಅಂಕಿ ಬೇರೆ, ನೀತಿ ಒಂದೇ: ಮನುಷ್ಯ ಕಾಯುತ್ತಿರುವ ಕೆಲಸ ಮುಂದೆ, ಕಾಗದ ಕಾಯುತ್ತಿರುವ ಕೆಲಸ ಹಿಂದೆ.

ಹಿಂದೆ ತಳ್ಳಿದ್ದನ್ನು ಮರೆತೇಬಿಡುವ ಅಪಾಯವೂ ಇದೆ. 1973ರಲ್ಲಿ ಎಂಐಟಿಯಲ್ಲಿ ಐಬಿಎಂ 7094 ಗಣಕವನ್ನು ನಿಲ್ಲಿಸಿದಾಗ, 1967ರಲ್ಲಿ ಕೊಟ್ಟ ಕೆಳ ಆದ್ಯತೆಯ ಕೆಲಸವೊಂದು ಇನ್ನೂ ಸರದಿಯಲ್ಲೇ ಇತ್ತು ಎಂಬ ವದಂತಿಯನ್ನು ಪಠ್ಯಪುಸ್ತಕಗಳು ಇಂದಿಗೂ ಹೇಳುತ್ತವೆ. ಓಪನ್‌ವಿಎಂಎಸ್ ಇದಕ್ಕೆ ತನ್ನದೇ ಮದ್ದು ಇಟ್ಟುಕೊಂಡಿದೆ. ಬಹಳ ಹೊತ್ತು ಓಡದೆ ಉಳಿದ ಕೆಲಸಗಳನ್ನು ಆಗಾಗ ಹುಡುಕಿ, ಸ್ವಲ್ಪ ಹೊತ್ತಿಗೆ ಮೇಲೆತ್ತಿ ಓಡಿಸುತ್ತದೆ.

ಕೊನೆಯ ಕಾಲುಭಾಗ

ಯಂತ್ರದ ಬಳಕೆ ಶೇಕಡಾ ತೊಂಬತ್ತಕ್ಕೆ ಮುಟ್ಟಿದರೆ ಮಾಲೀಕರಿಗೆ ಸಂತೋಷ, ಕೊಟ್ಟ ದುಡ್ಡು ವಸೂಲಾಯಿತೆಂದು. ಸರದಿಯ ಗಣಿತ ಬೇರೆಯೇ ಮಾತು ಹೇಳುತ್ತದೆ. ಬೇಡಿಕೆಗಳು ಹೊತ್ತುಗೊತ್ತಿಲ್ಲದೆ ಬರುವ ಸರಳ ಸರದಿಯೊಂದರಲ್ಲಿ ಅರ್ಧ ಬಳಕೆಯಿದ್ದಾಗ ಒಂದು ಕೆಲಸ ಮುಗಿಯಲು ಅದರ ನಿಜವಾದ ಅವಧಿಯ ಎರಡು ಪಟ್ಟು ಹಿಡಿಯುತ್ತದೆ. ಬಳಕೆ ಶೇ. 80 ಆದಾಗ ಐದು ಪಟ್ಟು, ಶೇ. 90ಕ್ಕೆ ಹತ್ತು ಪಟ್ಟು, ಶೇ. 95ಕ್ಕೆ ಇಪ್ಪತ್ತು ಪಟ್ಟು. ಎಂಬತ್ತರಿಂದ ತೊಂಬತ್ತೈದಕ್ಕೆ ಹೋಗುವಾಗ ಕೆಲಸ ಹೆಚ್ಚಿದ್ದು ಐದನೇ ಒಂದು ಭಾಗಕ್ಕೂ ಕಡಿಮೆ, ಕಾಯುವಿಕೆ ಮಾತ್ರ ನಾಲ್ಕು ಪಟ್ಟು. ಬೆಳಗಿನಿಂದ ಚೆನ್ನಾಗಿಯೇ ಓಡುತ್ತಿದ್ದ ಗಣಕ ಹನ್ನೊಂದು ಗಂಟೆಗೆ ಏಕಾಏಕಿ ಕೂತುಬಿಟ್ಟಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಕೊನೆಯ ಕಾಲುಭಾಗದ ಸಾಮರ್ಥ್ಯ ಅಷ್ಟು ದುಬಾರಿ.

ಇನ್ನೊಂದು ಸೂತ್ರ 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು. ವ್ಯವಸ್ಥೆಯ ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆ ತಿಳಿಯಲು ಸೆಕೆಂಡಿಗೆ ಬರುವವರನ್ನು ಒಬ್ಬೊಬ್ಬರು ಒಳಗಿರುವ ಸೆಕೆಂಡುಗಳಿಂದ ಗುಣಿಸಿದರೆ ಸಾಕು. ಸೆಕೆಂಡಿಗೆ 530 ಟಿಕೆಟ್, ಒಂದೊಂದಕ್ಕೆ ಎರಡು ಸೆಕೆಂಡ್ ಎಂದಿಟ್ಟುಕೊಳ್ಳೋಣ. ಒಳಗಿರುವುದು 1,060. ಯಾವುದೋ ಕಾರಣಕ್ಕೆ ಅದೇ ಕೆಲಸ ಹತ್ತು ಸೆಕೆಂಡ್ ಹಿಡಿಯತೊಡಗಿದರೆ 5,300. ಬಂದವರು ಅಷ್ಟೇ, ಒಳಗೆ ತುಂಬಿಕೊಂಡವರು ಐದು ಪಟ್ಟು. ಅವರಲ್ಲಿ ಒಬ್ಬೊಬ್ಬರಿಗೂ ಮೆಮೊರಿಯಲ್ಲಿ ಜಾಗ ಬೇಕು. ಪ್ರೊಸೆಸರಿನ ಮುಂದಿನ ಸರದಿ ಮೆಮೊರಿಯ ಬರಗಾಲವಾಗುವುದು ಹೀಗೆ. ಅದರ ಮೇಲೆ ತಾಳ್ಮೆಗೆಟ್ಟವರು ರಿಫ್ರೆಶ್ ಒತ್ತುತ್ತಾರೆ. ಒಬ್ಬರು ಇಬ್ಬರಾಗುತ್ತಾರೆ.

ಎಲೆ ಎಷ್ಟೋ ಪಂಕ್ತಿ ಅಷ್ಟು

ಎರಡನೆಯ ಸರದಿ ಮೆಮೊರಿಯದು. ಮೆಮೊರಿಯನ್ನು ಗಣಕ ಪೇಜ್ ಎಂಬ ಸಮಾನ ತುಂಡುಗಳಾಗಿ ಹಂಚುತ್ತದೆ. ಹಳೆಯ ವ್ಯಾಕ್ಸಿನಲ್ಲಿ ಒಂದು ಪೇಜ್ 512 ಬೈಟ್. ಒಂದು ಕೆಲಸದ ಎಲ್ಲ ಪೇಜುಗಳೂ ಮೆಮೊರಿಯಲ್ಲಿ ಇರಬೇಕಿಲ್ಲ, ಸದ್ಯಕ್ಕೆ ಬೇಕಾದವು ಇದ್ದರೆ ಸಾಕು. ಬೇಕಾದದ್ದು ಇಲ್ಲದಿದ್ದರೆ ಅದೇ ಪೇಜ್ ಫಾಲ್ಟ್. ಇದರಲ್ಲಿ ಎರಡು ಬಗೆ. ಈಚೆಗಷ್ಟೆ ಬಿಟ್ಟುಕೊಟ್ಟ ಪೇಜ್ ಇನ್ನೂ ಮೆಮೊರಿಯ ಖಾಲಿ ಪಟ್ಟಿಯಲ್ಲೇ ಬಿದ್ದಿದ್ದರೆ ಎತ್ತಿಕೊಟ್ಟರಾಯಿತು, ಅದು ಹಗುರ. ಡಿಸ್ಕಿನಿಂದಲೇ ತರಬೇಕಾದರೆ ಭಾರ. ಮೆಮೊರಿ ಮುಟ್ಟಲು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಸಾಕಾದರೆ ತಿರುಗುವ ಡಿಸ್ಕಿಗೆ ನೂರರಲ್ಲೊಂದು ಭಾಗ ಬೇಕು. ಒಂದು ಲಕ್ಷ ಪಟ್ಟು ನಿಧಾನ.

1968ರಲ್ಲಿ ಪೀಟರ್ ಡೆನ್ನಿಂಗ್ ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಯಾವ ಪ್ರೋಗ್ರಾಂ ಆದರೂ ಒಂದು ಹೊತ್ತಿನಲ್ಲಿ ತನ್ನ ಪೇಜುಗಳಲ್ಲಿ ಒಂದು ಸಣ್ಣ ಗುಂಪನ್ನೇ ಮತ್ತೆ ಮತ್ತೆ ಮುಟ್ಟುತ್ತದೆ. ಆ ಗುಂಪಿಗೆ ವರ್ಕಿಂಗ್ ಸೆಟ್ ಎಂದು ಹೆಸರಿಟ್ಟರು. ಅಷ್ಟಕ್ಕೆ ಜಾಗ ಕೊಟ್ಟರೆ ಕೆಲಸ ಸಲೀಸು. ಸ್ವಲ್ಪ ಕಡಿಮೆ ಕೊಟ್ಟರೆ ನಿಧಾನ ಸ್ವಲ್ಪವಾಗುವುದಿಲ್ಲ, ಪೂರ್ತಿ ಹದಗೆಡುತ್ತದೆ. ಒಂದು ಪೇಜ್ ತರಿಸಲು ಇನ್ನೊಂದನ್ನು ಹೊರಹಾಕಬೇಕು, ಹೊರಹಾಕಿದ್ದೇ ಮರುಕ್ಷಣ ಬೇಕಾಗುತ್ತದೆ. ಎಲ್ಲರೂ ಒಬ್ಬರ ಪೇಜನ್ನು ಒಬ್ಬರು ಕಿತ್ತುಕೊಳ್ಳುತ್ತ, ಪ್ರೊಸೆಸರ್ ಖಾಲಿ ಕೂತು, ಡಿಸ್ಕ್ ಮಾತ್ರ ಒದ್ದಾಡುತ್ತದೆ. ಇದನ್ನು ತ್ರ್ಯಾಶಿಂಗ್ ಅನ್ನುತ್ತಾರೆ. ಮೋಸದ ಸಂಗತಿಯೆಂದರೆ, ಪ್ರೊಸೆಸರ್ ಖಾಲಿ ಇದೆಯೆಂದು ನೋಡಿ ಇನ್ನೂ ನಾಲ್ಕು ಕೆಲಸ ಒಳಗೆ ಬಿಟ್ಟರೆ ಪರಿಸ್ಥಿತಿ ಮತ್ತಷ್ಟು ಕೆಡುತ್ತದೆ.

ಮದುವೆ ಮನೆಯಲ್ಲಿ ಊಟದ ಪಂಕ್ತಿ ನಡೆಸಿದವರಿಗೆ ಈ ಲೆಕ್ಕ ಗೊತ್ತು. ನೂರು ಎಲೆ ಹಿಡಿಸುವ ಹಾಲಿನಲ್ಲಿ ನೂರಿಪ್ಪತ್ತು ಎಲೆ ಹಾಕಿದರೆ ಬಡಿಸುವವರಿಗೆ ಕಾಲಿಡಲು ಜಾಗವಿಲ್ಲ, ಅನ್ನ ಬಂದವರಿಗೆ ಸಾರಿಲ್ಲ, ಯಾರೂ ಏಳುವುದಿಲ್ಲ. ಇಪ್ಪತ್ತು ಜನರನ್ನು ಮುಂದಿನ ಪಂಕ್ತಿಗೆ ಕೂರಿಸಿದರೆ ಆ ಇಪ್ಪತ್ತು ಜನರ ಊಟವೂ ಬೇಗ ಮುಗಿಯುತ್ತದೆ.

ಎಎಸ್/400 ಈ ಬುದ್ಧಿಯನ್ನು ನೇರವಾಗಿ ಒಂದು ಅಂಕಿಯಾಗಿ ಇಟ್ಟುಕೊಂಡಿದೆ. ಮೆಮೊರಿಯನ್ನು ಅದು ಪೂಲ್‌ಗಳಾಗಿ ಪಾಲು ಮಾಡುತ್ತದೆ: ಯಂತ್ರದ ಸ್ವಂತ ಕೆಲಸಕ್ಕೆ ಒಂದು, ಪರದೆಯ ಮುಂದಿನವರಿಗೆ ಒಂದು, ಪ್ರಿಂಟಿಗೆ ಒಂದು, ಉಳಿದದ್ದಕ್ಕೆ ಒಂದು. ಯಂತ್ರದ್ದನ್ನು ಬಿಟ್ಟು ಪ್ರತಿ ಪೂಲಿಗೂ ಆಕ್ಟಿವಿಟಿ ಲೆವೆಲ್ ಎಂಬ ಮಿತಿಯಿದೆ. ಒಂದು ಹೊತ್ತಿನಲ್ಲಿ ಅಷ್ಟು ಕೆಲಸಗಳಿಗೆ ಮಾತ್ರ ಆ ಪೂಲಿನಲ್ಲಿ ಓಡಲು ಅವಕಾಶ. ಮಿಕ್ಕವು ಹೊರಗೆ ಕಾಯಬೇಕು. ಮಿತಿ ತೀರ ಕೆಳಗಿದ್ದರೆ ಮೆಮೊರಿ ಖಾಲಿ ಬಿದ್ದಿರುವಾಗಲೂ ಜನ ಹೊರಗೆ ನಿಂತಿರುತ್ತಾರೆ. ತೀರ ಮೇಲಿದ್ದರೆ ಹೊರಗೆ ಯಾರೂ ಇಲ್ಲ, ಒಳಗೆ ತ್ರ್ಯಾಶಿಂಗ್. ಕಸುಬುದಾರರು ಮಿತಿಯನ್ನು ಇಳಿಸುತ್ತ ಬಂದು, ಹೊರಗೆ ಕಾಯುವವರು ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡ ಕೂಡಲೇ ಒಂದೆರಡು ಏರಿಸಿ ಬಿಡುತ್ತಾರೆ.

ಓಪನ್‌ವಿಎಂಎಸ್ ಹಾದಿ ಕೊಂಚ ಬೇರೆ. ಅಲ್ಲಿ ಒಬ್ಬೊಬ್ಬ ಬಳಕೆದಾರನ ವರ್ಕಿಂಗ್ ಸೆಟ್ಟಿಗೂ ಮೂರು ಅಳತೆ: ಶುರುವಿನದು, ಹಕ್ಕಿನದು, ಸಾಲದ್ದು. ಹಕ್ಕಿನ ಮಿತಿಯವರೆಗೆ ಯಾವಾಗ ಬೇಕಾದರೂ ಬೆಳೆಯಬಹುದು. ಗಣಕದಲ್ಲಿ ಖಾಲಿ ಪೇಜುಗಳು ಧಾರಾಳವಾಗಿದ್ದರೆ ಮಾತ್ರ ಅದನ್ನು ದಾಟಿ ಸಾಲ ತೆಗೆದುಕೊಳ್ಳಬಹುದು. ಪೇಜ್ ಫಾಲ್ಟ್ ಹೆಚ್ಚಾದ ಕೆಲಸಕ್ಕೆ ಗಣಕ ತಾನೇ ಜಾಗ ಹೆಚ್ಚಿಸುತ್ತದೆ, ಖಾಲಿ ಪೇಜುಗಳು ಕರಗಿದಾಗ ಸಾಲ ವಾಪಸು ಪಡೆಯುತ್ತದೆ. ಬ್ಯಾಚ್ ಸರದಿಗೆ ಬೇರೆಯೇ ಮಿತಿಗಳು: ಏಕಕಾಲಕ್ಕೆ ಎಷ್ಟು ಕೆಲಸ, ಯಾವ ಆದ್ಯತೆ, ಎಷ್ಟು ಮೆಮೊರಿ. ಹಗಲು ಒಂದು ಕೆಲಸ, ಕಡಿಮೆ ಜಾಗ. ರಾತ್ರಿ ನಾಲ್ಕು ಕೆಲಸ, ಧಾರಾಳ ಜಾಗ. ಅದೇ ಗಣಕ, ಎರಡು ಹೊತ್ತಿಗೆ ಎರಡು ಸ್ವಭಾವ.

ಆದ್ಯತೆಯೊಂದನ್ನೇ ನಂಬುವವರು ಎಡವುವುದು ಇಲ್ಲಿ. ಕೆಳ ಆದ್ಯತೆಯ ದೊಡ್ಡ ವರದಿಯೊಂದು ಪ್ರೊಸೆಸರನ್ನು ವಿನಯದಿಂದ ಬಿಟ್ಟುಕೊಡಬಹುದು, ಆದರೆ ಓಡಿದ ಅಷ್ಟು ಹೊತ್ತಿನಲ್ಲೇ ಲಕ್ಷಾಂತರ ದಾಖಲೆ ಓದಿ ಎಲ್ಲರ ಪೇಜುಗಳನ್ನೂ ಹೊರದಬ್ಬಿರುತ್ತದೆ. ಆಮೇಲೆ ಬಂದ ಮೇಲಿನ ಆದ್ಯತೆಯ ಕೆಲಸ ತನ್ನ ಪೇಜುಗಳಿಗಾಗಿ ಡಿಸ್ಕಿನ ಮುಂದೆ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ತಿದ್ದದೆ ಹದ ಬರುವುದಿಲ್ಲ.

ಬೀಗ ಹಿಡಿದವರು

ಮೂರನೆಯ ಸರದಿ ಬೀಗಗಳದ್ದು. ನವದೆಹಲಿಯಿಂದ ಬೆಂಗಳೂರಿಗೆ ಬರುವ 12628 ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಕೊನೆಯ ಒಂದು ಬರ್ತ್ ಉಳಿದಿದೆ ಎಂದಿಟ್ಟುಕೊಳ್ಳೋಣ. ಇಬ್ಬರು ಏಕಕಾಲಕ್ಕೆ ಕೇಳಿದರೆ ಇಬ್ಬರಿಗೂ ಕೊಡುವಂತಿಲ್ಲ. ಮೊದಲು ಬಂದ ಕೆಲಸ ಆ ದಾಖಲೆಗೆ ಬೀಗ ಹಾಕಿ, ಬರೆದು, ಬೀಗ ತೆಗೆಯುವವರೆಗೆ ಇನ್ನೊಂದು ಕಾಯಲೇಬೇಕು. ಪ್ರೊಸೆಸರ್ ನೂರಿದ್ದರೂ ಈ ಬಾಗಿಲು ಒಂದೇ.

ಈಗ ಆದ್ಯತೆಯನ್ನು ಇದಕ್ಕೆ ಸೇರಿಸಿ. ಕೆಳ ಆದ್ಯತೆಯ ವರದಿ ಕೆಲಸವೊಂದು ಆ ದಾಖಲೆಯ ಬೀಗ ಹಿಡಿದಿದೆ. ಮೇಲಿನ ಆದ್ಯತೆಯ ಬುಕಿಂಗ್ ಅದಕ್ಕಾಗಿ ಕಾಯುತ್ತಿದೆ. ನಡುವಿನ ಆದ್ಯತೆಯ ಹತ್ತಾರು ಕೆಲಸಗಳು ಪ್ರೊಸೆಸರನ್ನು ಆವರಿಸಿವೆ. ವರದಿಗೆ ಓಡಲು ಸರದಿಯಿಲ್ಲ, ಓಡದೆ ಬೀಗ ಬಿಡುವುದಿಲ್ಲ, ಬೀಗ ಬಿಡದೆ ಬುಕಿಂಗ್ ಮುಂದೆ ಹೋಗುವುದಿಲ್ಲ. ಎಲ್ಲರಿಗಿಂತ ಮೇಲಿರುವವರು ಎಲ್ಲರಿಗಿಂತ ಕೆಳಗಿರುವವರ ದೆಸೆಯಿಂದ ನಿಂತಿದ್ದಾರೆ. 1997ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪಾತ್‌ಫೈಂಡರ್ ನೌಕೆಯ ಗಣಕ ಮತ್ತೆ ಮತ್ತೆ ತಾನಾಗಿ ರೀಸೆಟ್ ಆದದ್ದು ಇದೇ ಕಾರಣಕ್ಕೆ. ಹವಾಮಾನ ದಾಖಲಿಸುವ ಕೆಳ ಆದ್ಯತೆಯ ಕೆಲಸ ಹಿಡಿದಿದ್ದ ಬೀಗಕ್ಕೆ ಮೇಲಿನ ಕೆಲಸ ಕಾಯುತ್ತಿತ್ತು. ನಾಸಾದ ಎಂಜಿನಿಯರುಗಳು ಭೂಮಿಯಿಂದಲೇ ಒಂದು ಗುರುತನ್ನು ಬದಲಿಸಿ ಸರಿಪಡಿಸಿದರು: ಬೀಗ ಹಿಡಿದವನಿಗೆ, ಹಿಡಿದಿರುವಷ್ಟು ಹೊತ್ತು, ಕಾಯುತ್ತಿರುವವನ ಆದ್ಯತೆಯೇ ಸಿಗಲಿ. ಹಿಂದೆ ಉಳಿದವರನ್ನು ಆಗಾಗ ಮೇಲೆತ್ತುವ ಓಪನ್‌ವಿಎಂಎಸ್ ಉಪಾಯವೂ ಈ ಗಂಟನ್ನು ತಕ್ಕಮಟ್ಟಿಗೆ ಬಿಡಿಸುತ್ತದೆ.

ಗೋಡೆಯ ಗಡಿಯಾರ

ಯಂತ್ರದೊಳಗಿನ ತಿದ್ದುಪಡಿಗಳಿಗೆ ಒಂದು ಎಲ್ಲೆಯಿದೆ. ಸಾಮರ್ಥ್ಯದ ಎರಡು ಪಟ್ಟು ಕೆಲಸ ಬಂದರೆ ಯಾವ ಆದ್ಯತೆಯೂ ಅದನ್ನು ಹೊಂದಿಸಲಾರದು. ಆಗ ಬರುವವರನ್ನೇ ಚದುರಿಸಬೇಕು. ರೈಲ್ವೆ ಮಾಡಿದ ಅತಿ ಪರಿಣಾಮದ ಟ್ಯೂನಿಂಗ್ ಗಣಕದ ಹೊರಗೇ ನಡೆದಿದೆ.

2015ರ ಜೂನ್ 15ರಿಂದ ತತ್ಕಾಲ್ ಟಿಕೆಟ್ಟಿನ ಹೊತ್ತನ್ನು ಎರಡಾಗಿ ಒಡೆದರು. ಎಸಿ ದರ್ಜೆಗೆ ಬೆಳಗ್ಗೆ 10, ಎಸಿ ಅಲ್ಲದ್ದಕ್ಕೆ 11. ಒಂದೇ ಬೆಟ್ಟವಿದ್ದದ್ದು ಎರಡು ಗುಡ್ಡಗಳಾದವು. ಬಳಕೆ ಶೇ. 95ರಿಂದ 80ಕ್ಕಿಳಿದರೆ ಕಾಯುವಿಕೆ ಕಾಲುಭಾಗವಾಗುತ್ತದೆ ಎಂಬ ಹಿಂದಿನ ಲೆಕ್ಕ ನೆನೆಸಿಕೊಂಡರೆ ಒಂದು ಗಂಟೆಯ ಅಂತರದ ಬೆಲೆ ತಿಳಿಯುತ್ತದೆ. ಹೊಸ ಸರ್ವರ್ ಕೊಳ್ಳದೆ, ಗೋಡೆಯ ಗಡಿಯಾರ ತೋರಿಸಿ ಪಡೆದ ಲಾಭ ಇದು.

ಏಜೆಂಟರಿಗೆ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಅವಕಾಶವಿಲ್ಲ ಎಂಬ ನಿಯಮವೂ ಆದ್ಯತೆಯೇ, ಯಂತ್ರದ ಬಾಗಿಲಲ್ಲಿ ನಿಂತು ಹೇಳಿದ ಆದ್ಯತೆ. ತತ್ಕಾಲ್ ತೆರೆದ ಮೊದಲ ಐದು ನಿಮಿಷಗಳಲ್ಲಿ ಲಾಗಿನ್ ಯತ್ನಗಳ ಅರ್ಧದಷ್ಟು ಮನುಷ್ಯರದಲ್ಲ, ಬಾಟ್ ತಂತ್ರಾಂಶಗಳದ್ದು ಎಂದು 2025ರಲ್ಲಿ ರೈಲ್ವೆಯೇ ಹೇಳಿತು. ಅನುಮಾನದ 2.5 ಕೋಟಿ ಖಾತೆಗಳನ್ನು ನಿಷ್ಕ್ರಿಯಗೊಳಿಸಿತು. ಅದೇ ವರ್ಷದ ಜುಲೈ 1ರಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು. ಬಾಟನ್ನು ಒಳಗೆ ಬಿಟ್ಟು ಕೆಳ ಆದ್ಯತೆ ಕೊಡುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಅಗ್ಗ, ಯಾಕೆಂದರೆ ಒಳಗೆ ಬಂದ ಮೇಲೆ ಅದೂ ಮೆಮೊರಿಯಲ್ಲಿ ಒಂದು ಎಲೆ ಹಿಡಿಯುತ್ತದೆ.

ರಾತ್ರಿ 11.45ರಿಂದ 12.20ರವರೆಗೆ ಐಆರ್‌ಸಿಟಿಸಿಯಲ್ಲಿ ಬುಕಿಂಗ್ ನಿಂತಿರುವುದನ್ನು ತಡರಾತ್ರಿ ಟಿಕೆಟ್ ಹುಡುಕಿದವರೆಲ್ಲ ನೋಡಿರುತ್ತಾರೆ. ದಿನದ ಲೆಕ್ಕ ಮುಚ್ಚಿ ತಾರೀಖು ತಿರುಗಿಸುವ ಕೆಲಸಗಳಿಗೆ ದಿನಕ್ಕೊಮ್ಮೆ ಸಿಗುವ ಏಕಾಂತ ಅದು. ಯಾರಿಗೆ ಯಾವ ಬರ್ತ್ ಎಂದು ಅಂತಿಮಗೊಳಿಸುವ ಚಾರ್ಟ್ ಕೆಲಸಕ್ಕೂ ಹೊತ್ತು ಗೊತ್ತುಮಾಡಬೇಕು. ಬಹುಕಾಲ ರೈಲು ಹೊರಡುವ ನಾಲ್ಕು ಗಂಟೆ ಮೊದಲು ಚಾರ್ಟ್ ಆಗುತ್ತಿತ್ತು. 2025ರಲ್ಲಿ ಅದನ್ನು ಎಂಟು ಗಂಟೆಗೆ ಹಿಗ್ಗಿಸುವ, ಮಧ್ಯಾಹ್ನ ಎರಡರೊಳಗೆ ಹೊರಡುವ ರೈಲುಗಳದ್ದನ್ನು ಹಿಂದಿನ ರಾತ್ರಿ ಒಂಬತ್ತಕ್ಕೇ ಮಾಡುವ ತೀರ್ಮಾನ ಬಂತು. ವೇಟಿಂಗ್ ಲಿಸ್ಟಿನವರಿಗೆ ತಮ್ಮ ಗತಿ ಬೇಗ ತಿಳಿಯಲಿ ಎಂಬುದು ಕಾರಣ. ಗಣಕ ನೋಡಿಕೊಳ್ಳುವವರ ಕಣ್ಣಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಕಾಣುತ್ತದೆ: ಬೆಳಗಿನ ರೈಲುಗಳ ಚಾರ್ಟ್ ಕೆಲಸ ಬೆಳಗಿನ ಬುಕಿಂಗ್ ಗದ್ದಲದಿಂದ ದೂರ ಸರಿಯಿತು.

ಯಾವುದು ಮೊದಲು

ಹಂಚಿಕೊಂಡ ಗಣಕ ಎಲ್ಲೇ ಇರಲಿ, ಗುರುಗ್ರಾಮದ ಗೋದಾಮಿನಲ್ಲೋ ಹುಬ್ಬಳ್ಳಿಯ ಸಹಕಾರಿ ಬ್ಯಾಂಕಿನಲ್ಲೋ, ಟ್ಯೂನಿಂಗಿನ ಕ್ರಮ ಒಂದೇ. ಮೊದಲು ಅಳೆಯಬೇಕು, ಅದೂ ನಿಧಾನವಾದ ದಿನ ಮಾತ್ರವಲ್ಲ, ಚೆನ್ನಾಗಿರುವ ದಿನವೂ. ಆರೋಗ್ಯದ ಅಂಕಿ ಗೊತ್ತಿಲ್ಲದೆ ಜ್ವರದ ಅಂಕಿಗೆ ಅರ್ಥವಿಲ್ಲ. ಆಮೇಲೆ ಮೆಮೊರಿ, ಯಾಕೆಂದರೆ ಅದು ಸಾಲದಿದ್ದರೆ ಉಳಿದ ಅಳತೆಗಳೆಲ್ಲ ಸುಳ್ಳು ಹೇಳುತ್ತವೆ. ಆಮೇಲೆ ಒಳಗೆ ಬಿಡುವ ಸಂಖ್ಯೆ. ಆಮೇಲೆ ಬೀಗಗಳು. ಆದ್ಯತೆ ಕೊನೆಗೆ. ಒಂದು ಬಾರಿಗೆ ಒಂದೇ ಅಂಕಿ ತಿದ್ದಿ, ಅದೇ ಹೊತ್ತಿನ ಅದೇ ಭಾರದಲ್ಲಿ ಮತ್ತೆ ಅಳೆಯಬೇಕು. ಬಹಳ ಕಚೇರಿಗಳಲ್ಲಿ ಆದ್ಯತೆಯಿಂದ ಶುರುಮಾಡುತ್ತಾರೆ, ಅದು ಒಂದೇ ಆದೇಶದಲ್ಲಿ ಮುಗಿಯುತ್ತದೆಂಬ ಕಾರಣಕ್ಕೆ.

ಕ್ರಿಸ್ ಹಳೆಯ ಪಿಆರ್‌ಎಸ್‌ನ ಜಾಗದಲ್ಲಿ ಹೊಸದನ್ನು ಕಟ್ಟುತ್ತಿರುವುದಾಗಿ ರೈಲ್ವೆ 2025ರ ಜೂನಿನಲ್ಲಿ ಪ್ರಕಟಿಸಿತು. ನಿಮಿಷಕ್ಕೆ 32,000 ಟಿಕೆಟ್ ಬದಲು ಒಂದೂವರೆ ಲಕ್ಷ, ನಾಲ್ಕು ಲಕ್ಷ ವಿಚಾರಣೆಗಳ ಬದಲು ನಲವತ್ತು ಲಕ್ಷ ಎಂಬುದು ಗುರಿ. ಓಪನ್‌ವಿಎಂಎಸ್‌ನ ಆದ್ಯತೆಯ ಮೆಟ್ಟಿಲುಗಳ ಬದಲು ಬೇರೆ ಅಂಕಿಗಳು ಬರುತ್ತವೆ, ಪ್ರೊಸೆಸರ್, ಮೆಮೊರಿ, ಬೀಗಗಳ ಮುಂದಿನ ಸರದಿಗಳು ಸಣ್ಣವಾಗುತ್ತವೆ. ಆದರೆ 72 ಬರ್ತುಗಳ ಸ್ಲೀಪರ್ ಬೋಗಿಯಲ್ಲಿ 72 ಬರ್ತುಗಳೇ ಇರುತ್ತವೆ. ಹಬ್ಬದ ವಾರದಲ್ಲಿ ಅವು ಸೆಕೆಂಡುಗಳಲ್ಲಿ ಮುಗಿದರೆ, ವೇಟಿಂಗ್ ಲಿಸ್ಟ್ ಎಂಬ ಉತ್ತರವೂ ಅಷ್ಟೇ ಬೇಗ ಬರುತ್ತದೆ.